ಹೊಲ ಮಾರದೆ ಎಂಜಿನಿಯರ್ ಆಗುವ ದಾರಿ: ಶಿಶಿಕ್ಷು ತರಬೇತಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಕಾಲವೂ ಮುಂಗಾರಿಗೆ ಭೂಮಿ ಹದ ಮಾಡುವ ಕಾಲವೂ ನಮ್ಮಲ್ಲಿ ಹೆಚ್ಚುಕಡಿಮೆ ಒಂದೇ. ಆ ದಿನಗಳಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ಬಿತ್ತನೆ ಬೀಜ, ಗೊಬ್ಬರದ ವಿಚಾರ ಮುಗಿಸಿ ಹೊರಡುವಾಗ ಬಾಗಿಲ ಬಳಿ ನಿಂತು ಇನ್ನೊಂದು ಮಾತು ಕೇಳುತ್ತಾರೆ: "ಸಾರ್, ಹುಡುಗನ್ನ ಮುಂದೆ ಏನು ಓದಿಸಲಿ?"

ಕೆಂಪು ಮಣ್ಣಿನ ಹೊಲಕ್ಕೆ ಯಾವ ರಾಗಿ ಎಂದರೆ ನನ್ನ ಬಳಿ ಸಿದ್ಧ ಉತ್ತರವಿರುತ್ತದೆ. ಈ ಪ್ರಶ್ನೆಗೆ ಇರಲಿಲ್ಲ. ಆದರೂ ಉತ್ತರ ಕೊಟ್ಟು ಒಮ್ಮೆ ತಪ್ಪು ಮಾಡಿದ್ದೇನೆ. ಆ ತಪ್ಪು ಮತ್ತೊಬ್ಬರಿಗೆ ಆಗದಿರಲಿ ಎಂಬುದೇ ಈ ಲೇಖನದ ಉದ್ದೇಶ.

ಸುಮಾರು ಹತ್ತು ವರ್ಷಗಳ ಹಿಂದಿನ ಮಾತು. ನನ್ನ ಹೋಬಳಿಯ ಒಬ್ಬ ಯಜಮಾನರಿಗೆ ನಾಲ್ಕು ಎಕರೆ ಜಮೀನು. ಅದರಲ್ಲಿ ಕೆರೆ ಕೆಳಗಿನ ಒಂದು ಎಕರೆಗೆ ಮಾತ್ರ ನಂಬಿಕೆಯ ನೀರು. ಮಗ ಪಿಯುಸಿ ಪಾಸಾಗಿದ್ದ. ಅವರು ಕೇಳಿದ ಕೂಡಲೇ ನಾನು "ಎಂಜಿನಿಯರಿಂಗ್ ಓದಿಸಿ, ಚೆನ್ನಾಗಿರುತ್ತದೆ" ಎಂದುಬಿಟ್ಟೆ. ಸರ್ಕಾರಿ ಸೀಟು ಸಿಗಲಿಲ್ಲ. ಕೆರೆ ಕೆಳಗಿನ ಎಕರೆ ಮಾರಾಟವಾಯಿತು. ಹುಡುಗನಿಗೆ ಗಣಿತ ಮೊದಲಿನಿಂದಲೂ ಒಗ್ಗಿರಲಿಲ್ಲ. ನಾಲ್ಕು ವರ್ಷ ಕಳೆದರೂ ಹನ್ನೊಂದು ವಿಷಯಗಳು ಬಾಕಿ ಉಳಿದು, ಪದವಿ ಕೈಗೆ ಬರಲಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಹಾಕಬೇಡಿ ಎಂದು ಊರೂರಿಗೆ ಹೇಳಿಕೊಂಡು ತಿರುಗುವ ನಾನು, ಆ ಹುಡುಗನನ್ನು ಒಂದು ಮಾತೂ ಕೇಳದೆ ಸಲಹೆ ಕೊಟ್ಟಿದ್ದೆ.

ಅಂದಿನಿಂದ ಈ ವಿಷಯವನ್ನು ತಿಳಿದುಕೊಳ್ಳಲು ಐ.ಟಿ.ಐ.ಗಳ ಮೆಟ್ಟಿಲು ಹತ್ತಿದ್ದೇನೆ, ಕಾರ್ಖಾನೆಗಳ ತರಬೇತಿ ವಿಭಾಗದವರೊಡನೆ ಮಾತನಾಡಿದ್ದೇನೆ. ತಿಳಿದದ್ದನ್ನು ಮುಂದಿಡುತ್ತೇನೆ. ಓದಿ, ಮನೆಯವರೊಡನೆ ಕುಳಿತು ಯೋಚಿಸಿ.

ಶಿಶಿಕ್ಷು ಎಂದರೆ ಯಾರು?

ಅಪ್ರೆಂಟಿಸ್ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಕನ್ನಡದ ಪ್ರಕಟಣೆಗಳಲ್ಲಿ ಅವರನ್ನು ಶಿಶಿಕ್ಷು ಎನ್ನುತ್ತಾರೆ. ಅಂದರೆ ಕೆಲಸದ ಸ್ಥಳದಲ್ಲೇ ಇದ್ದು, ಕೆಲಸ ಮಾಡುತ್ತಲೇ ವಿದ್ಯೆ ಕಲಿಯುವವನು. ನಮಗೆ ಇದು ಹೊಸದೇನಲ್ಲ. ಕಮ್ಮಾರನ ಮಗ ತಿದಿಯೊತ್ತುತ್ತಾ ಕುಲುಮೆಯ ಕೆಲಸ ಕಲಿತದ್ದೂ, ರೈತನ ಮಗ ಅಪ್ಪನ ಹಿಂದೆ ನಡೆದು ಕೂರಿಗೆ ಹಿಡಿದದ್ದೂ ಇದೇ ರೀತಿಯಲ್ಲಿ. ವ್ಯತ್ಯಾಸವೆಂದರೆ ಇಲ್ಲಿ ಲಿಖಿತ ಒಪ್ಪಂದವಿದೆ, ಗೊತ್ತಾದ ಅವಧಿಯಿದೆ, ತಿಂಗಳು ತಿಂಗಳು ಶಿಷ್ಯವೇತನವಿದೆ, ಕೊನೆಗೆ ಪ್ರಮಾಣ ಪತ್ರವಿದೆ.

ಇದಕ್ಕೆ ಆಧಾರ 1961ರ ಶಿಶಿಕ್ಷು ಅಧಿನಿಯಮ. ಮೊದಲು ಫಿಟ್ಟರ್, ಟರ್ನರ್, ಎಲೆಕ್ಟ್ರೀಷಿಯನ್ ಮುಂತಾದ ಕಸುಬುಗಳಿಗಷ್ಟೇ ಇದ್ದ ಈ ವ್ಯವಸ್ಥೆಗೆ 1973ರ ತಿದ್ದುಪಡಿಯಿಂದ ಡಿಪ್ಲೊಮಾ ಹಾಗೂ ಎಂಜಿನಿಯರಿಂಗ್ ಪದವೀಧರರೂ ಸೇರಿದರು. 2019ರ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಆದುದರಿಂದ ಶಿಶಿಕ್ಷು ಸ್ಥಾನವನ್ನು ಯಾರೋ ದಯೆಯಿಂದ ಕೊಡುವ ಭಿಕ್ಷೆಯೆಂದು ಭಾವಿಸಬೇಕಾಗಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗದವರಿಗೆ ಸ್ಥಾನಗಳನ್ನು ಕಾಯ್ದಿರಿಸುವ ಏರ್ಪಾಡೂ ಇದರಲ್ಲಿದೆ.

ಮೂರು ಬಾಗಿಲುಗಳು

ಎಂಜಿನಿಯರಿಂಗ್ ಕೆಲಸಕ್ಕೆ ಈ ದಾರಿಯಲ್ಲಿ ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಐ.ಟಿ.ಐ. ಬಾಗಿಲು. ಎಸ್ಸೆಸ್ಸೆಲ್ಸಿ ಆದವರು ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರೀಷಿಯನ್ ಮುಂತಾದ ಎರಡು ವರ್ಷಗಳ ಕೋರ್ಸುಗಳನ್ನೂ, ಡೀಸೆಲ್ ಮೆಕ್ಯಾನಿಕ್, ಟ್ರ್ಯಾಕ್ಟರ್ ಮೆಕ್ಯಾನಿಕ್‌ನಂಥ ಒಂದು ವರ್ಷದ ಕೋರ್ಸುಗಳನ್ನೂ ಸೇರಬಹುದು. ವೆಲ್ಡರ್, ವೈರ್‌ಮನ್ ಕೋರ್ಸುಗಳಿಗೆ ಎಂಟನೇ ತರಗತಿ ಆದವರಿಗೂ ಅವಕಾಶವಿದೆ. ರಾಜ್ಯದ 150 ಸರ್ಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರೋಪಕರಣಗಳೊಡನೆ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಯಿತು. ಹಳೆಯ ಲೇತಿನ ಜೊತೆಗೆ ಗಣಕಯಂತ್ರದಿಂದ ನಡೆಯುವ ಸಿ.ಎನ್.ಸಿ. ಯಂತ್ರವನ್ನೂ ಅಲ್ಲಿ ಮುಟ್ಟಿ ಕಲಿಯಬಹುದು. ಐ.ಟಿ.ಐ. ಮುಗಿಸಿದ ಫಿಟ್ಟರ್‌ಗೆ ಸಾಮಾನ್ಯವಾಗಿ ಒಂದು ವರ್ಷದ ಶಿಶಿಕ್ಷು ತರಬೇತಿ. ಅದು ಮುಗಿದ ಮೇಲೆ ಅಖಿಲ ಭಾರತ ಮಟ್ಟದ ಪರೀಕ್ಷೆ. ಗೆದ್ದವರಿಗೆ ದೇಶದಲ್ಲೆಲ್ಲ ಮಾನ್ಯವಾದ ರಾಷ್ಟ್ರೀಯ ಶಿಶಿಕ್ಷು ಪ್ರಮಾಣ ಪತ್ರ.

ಎರಡನೆಯದು ಪಾಲಿಟೆಕ್ನಿಕ್ ಬಾಗಿಲು. ಎಸ್ಸೆಸ್ಸೆಲ್ಸಿಯ ನಂತರ ಮೂರು ವರ್ಷದ ಡಿಪ್ಲೊಮಾ, ಅದರ ಮೇಲೆ ಒಂದು ವರ್ಷದ ತರಬೇತಿ. ಮೂರನೆಯದು ಬಿ.ಇ. ಮುಗಿಸಿದವರಿಗೆ, ಅದೂ ಒಂದು ವರ್ಷ. ಪದವಿ ಕೈಯಲ್ಲಿದ್ದೂ ಕೆಲಸ ಸಿಗದೆ ಮನೆಯಲ್ಲಿ ಕುಳಿತ ಮಕ್ಕಳಿದ್ದರೆ ಈ ಮೂರನೆಯ ಬಾಗಿಲನ್ನು ಅವರಿಗೆ ತೋರಿಸಿ. ಆದರೆ ಒಂದು ಎಚ್ಚರಿಕೆ. ಓದು ಮುಗಿಸಿ ಐದು ವರ್ಷ ದಾಟಿದವರಿಗೂ, ಈಗಾಗಲೇ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರಿಗೂ ಡಿಪ್ಲೊಮಾ ಮತ್ತು ಪದವೀಧರರ ಯೋಜನೆ ಅನ್ವಯಿಸದು.

ಕೆಲವು ಸಂಸ್ಥೆಗಳು ಓದನ್ನೂ ಕಾರ್ಖಾನೆಯ ಕಲಿಕೆಯನ್ನೂ ಮೊದಲಿನಿಂದಲೇ ಒಂದಾಗಿ ಹೆಣೆದಿವೆ. ಡೆನ್ಮಾರ್ಕ್ ದೇಶದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಈಗ ಹಲವು ಜಿಲ್ಲೆಗಳಲ್ಲಿ ಶಾಖೆಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷ ಕೇಂದ್ರದಲ್ಲಿ ಕಲಿಕೆ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ ಕಡ್ಡಾಯ ತರಬೇತಿ. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಎಸ್ಸೆಸ್ಸೆಲ್ಸಿ ಆದ ಗ್ರಾಮಾಂತರದ ಬಡ ಮಕ್ಕಳನ್ನೇ ಉದ್ದೇಶಿಸಿ ಹುಟ್ಟಿದ್ದು.

ಕಾರ್ಖಾನೆಯ ಒಳಗೆ ಏನು ನಡೆಯುತ್ತದೆ?

ಹುಡುಗ ಹೋದ ಮೊದಲ ದಿನವೇ ದೊಡ್ಡ ಯಂತ್ರ ನಡೆಸುತ್ತಾನೆಂದು ತಿಳಿಯಬೇಡಿ. ಅವನ ಕೈಗೆ ಬರುವುದು ಒಂದು ಅರ ಮತ್ತು ಒಂದು ಕಬ್ಬಿಣದ ತುಂಡು. ಅದನ್ನು ಇಡುಕದಲ್ಲಿ ಬಿಗಿದು ದಿನಗಟ್ಟಲೆ ಉಜ್ಜಬೇಕು. ಮಟ್ಟವಾಯಿತೆಂದು ತಂದು ತೋರಿಸಿದರೆ ಮೇಷ್ಟ್ರು ಅದರ ಮೇಲೆ ಮೂಲೆಮಟ್ಟವನ್ನಿಟ್ಟು ಬೆಳಕಿಗೆ ಹಿಡಿಯುತ್ತಾರೆ. ಸಂದಿನಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು. ಅಂಗೈ ಬೊಬ್ಬೆ ಬರುತ್ತದೆ. ಹಲವರು ಬಿಟ್ಟು ಬರುವುದು ಈ ಘಟ್ಟದಲ್ಲೇ. ಮೊದಲ ಸಲ ನೇಗಿಲು ಹಿಡಿದವನ ಸಾಲು ಸೊಟ್ಟಗಾಗುವುದಿಲ್ಲವೇ, ಇದೂ ಹಾಗೆಯೇ. ಕೈ ಪಳಗಬೇಕು.

ನಂತರ ಅಳತೆ. ನಮ್ಮ ಲೆಕ್ಕ ಗೇಣು, ಮೊಳ, ಗುಂಟೆಯದು. ಅಲ್ಲಿನ ಲೆಕ್ಕ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನದು. ಸಾಧಾರಣ ಮೈಕ್ರೋಮೀಟರ್ ಅಷ್ಟನ್ನು ಅಳೆದು ತೋರಿಸುತ್ತದೆ. ಪಂಪಿನ ದಂಡ, ಅಂದರೆ ಶ್ಯಾಫ್ಟು, ಬೇರಿಂಗಿನಲ್ಲಿ ಕೂರಬೇಕಾದರೆ ಆ ಸೂಕ್ಷ್ಮ ಬೇಕು. ಸ್ವಲ್ಪ ಸಡಿಲವಾದರೆ ಅದುರುತ್ತದೆ, ಸ್ವಲ್ಪ ಬಿಗಿಯಾದರೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ನಿಮ್ಮ ಪಂಪ್‌ಸೆಟ್ಟು ಏಕೆ ಪದೇ ಪದೇ ಕೆಡುತ್ತದೆ ಎಂಬುದಕ್ಕೂ ಕೆಲವು ಸಲ ಇಲ್ಲೇ ಉತ್ತರವಿದೆ.

ಮೂರನೆಯದು ನಕ್ಷೆ ಓದುವುದು. ಹಾಳೆಯ ಮೇಲಿನ ಗೆರೆಗಳನ್ನು ಕಂಡು ಇನ್ನೂ ಹುಟ್ಟದ ವಸ್ತುವನ್ನು ಕಣ್ಣಮುಂದೆ ತಂದುಕೊಳ್ಳುವುದೇ ಎಂಜಿನಿಯರಿಂಗ್ ವಿದ್ಯೆಯ ತಿರುಳು. ಇದು ಬಂದವನು ಮೇಲೇರುತ್ತಾನೆ. ಪ್ರತಿದಿನ ಮಾಡಿದ ಕೆಲಸವನ್ನು ದಿನಚರಿ ಪುಸ್ತಕದಲ್ಲಿ ಬರೆದು ಮೇಲಿನವರ ಸಹಿ ಪಡೆಯುವ ಅಭ್ಯಾಸವನ್ನು ಹುಡುಗ ಎಂದೂ ಬಿಡಬಾರದು. ಮುಂದೆ ಕೆಲಸ ಕೇಳಲು ಹೋದಾಗ ಆ ಪುಸ್ತಕವೇ ಮಾತನಾಡುತ್ತದೆ.

ಸುರಕ್ಷತೆಯ ವಿಷಯದಲ್ಲಿ ತಾಯಂದಿರು ಒಂದು ಮಾತು ಹೇಳಿ ಕಳಿಸಬೇಕು. ತಿರುಗುವ ಲೇತಿನ ಬಳಿ ಸಡಿಲವಾದ ಬಟ್ಟೆ, ಕೈಗೆ ಕಟ್ಟಿದ ದಾರ, ಬೆರಳಿನ ಉಂಗುರ ಬೇಡ. ಸಾಣೆ ಹಿಡಿಯುವಾಗ ಕನ್ನಡಕವಿಲ್ಲದೆ ನಿಲ್ಲಬಾರದು. ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟುಕೊಂಡವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಣದ ಲೆಕ್ಕ

2019ರಲ್ಲಿ ಗೊತ್ತುಮಾಡಿದ ಕನಿಷ್ಠ ಮಾಸಿಕ ಶಿಷ್ಯವೇತನ ಹೀಗಿದೆ: ಹತ್ತನೇ ತರಗತಿ ಆದವರಿಗೆ 6,000 ರೂ., ಐ.ಟಿ.ಐ. ಆದವರಿಗೆ 7,000 ರೂ., ಡಿಪ್ಲೊಮಾದವರಿಗೆ 8,000 ರೂ., ಪದವೀಧರರಿಗೆ 9,000 ರೂ. ತರಬೇತಿ ಎರಡನೇ ವರ್ಷಕ್ಕೆ ಮುಂದುವರಿದರೆ ಶೇ. 10ರಷ್ಟು ಹೆಚ್ಚಳವುಂಟು. ಇದು ಕನಿಷ್ಠ. ಇದಕ್ಕಿಂತ ಹೆಚ್ಚು ಕೊಡುವ ಸಂಸ್ಥೆಗಳೂ ಇವೆ. ದರ ಆಗಾಗ ಪರಿಷ್ಕರಣೆಯಾಗುವುದರಿಂದ ಅರ್ಜಿ ಹಾಕುವಾಗ ಅಂದಿನ ದರವನ್ನು ಕೇಳಿ ತಿಳಿಯಿರಿ.

ಐ.ಟಿ.ಐ. ಹುಡುಗನಿಗೆ 7,000ದಂತೆ ವರ್ಷಕ್ಕೆ 84,000 ರೂ. ಆಯಿತು. ಇದರಲ್ಲಿ ಬೆಂಗಳೂರಿನಂಥ ಊರಿನಲ್ಲಿ ಬದುಕುವುದು ಸುಲಭವೆಂದು ನಾನು ಹೇಳಲಾರೆ. ಮೂರ್ನಾಲ್ಕು ಜನ ಸೇರಿ ಕೋಣೆ ಹಿಡಿದು, ಸರದಿಯಂತೆ ಅಡುಗೆ ಮಾಡಿಕೊಂಡರೂ ಕೈ ಕಚ್ಚುತ್ತದೆ. ಊರಿನಿಂದ ರಾಗಿ, ಬೇಳೆ ಕಳಿಸಬೇಕಾದೀತು. ಆದರೆ ಶುಲ್ಕಕ್ಕಾಗಿ ಹೊಲ ಮಾರಬೇಕಾಗಿಲ್ಲ, ಬಡ್ಡಿ ಬೆಳೆಯುವುದಿಲ್ಲ. ಕಲಿಕೆ ಒಗ್ಗದೆ ಹುಡುಗ ಹಿಂತಿರುಗಿದರೆ ಹೋಗುವುದು ಒಂದೆರಡು ವರ್ಷ, ಜಮೀನಲ್ಲ.

ಹಾಗಾದರೆ ಎಂಜಿನಿಯರ್ ಆಗುವುದು ಎಂದು?

ಇಲ್ಲಿ ನಿಜವನ್ನೇ ಹೇಳಬೇಕು. ಐ.ಟಿ.ಐ. ಮತ್ತು ಶಿಶಿಕ್ಷು ತರಬೇತಿ ಮುಗಿಸಿದವನು ನುರಿತ ಕುಶಲಕರ್ಮಿ, ಎಂಜಿನಿಯರ್ ಅಲ್ಲ. ಆದರೆ ಮುಂದಿನ ಮೆಟ್ಟಿಲುಗಳು ಮುಚ್ಚಿಲ್ಲ. ಎರಡು ವರ್ಷದ ಐ.ಟಿ.ಐ. ಪಾಸಾದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ. ಡಿಪ್ಲೊಮಾ ಆದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿ.ಸಿ.ಇ.ಟಿ. ಬರೆದು ಬಿ.ಇ.ಯ ಎರಡನೇ ವರ್ಷಕ್ಕೆ ಸೇರಬಹುದು.

ಲೆಕ್ಕ ಹಾಕಿ ನೋಡಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಐ.ಟಿ.ಐ. ಎರಡು ವರ್ಷ, ಶಿಶಿಕ್ಷು ತರಬೇತಿ ಒಂದು, ಡಿಪ್ಲೊಮಾ ಎರಡು, ಬಿ.ಇ. ಮೂರು, ಒಟ್ಟು ಎಂಟು ವರ್ಷ. ಪಿಯುಸಿ ಮೂಲಕ ಹೋದರೆ ಎರಡಕ್ಕೆ ನಾಲ್ಕು ಸೇರಿ ಆರು ವರ್ಷ. ಈ ದಾರಿ ಎರಡು ವರ್ಷ ಉದ್ದ. ಆದರೆ ಪಿಯುಸಿ ದಾರಿಯಲ್ಲಿ ನಡುವೆ ನಿಂತವನ ಕೈಯಲ್ಲಿ ಕಸುಬಿರುವುದಿಲ್ಲ. ಈ ದಾರಿಯಲ್ಲಿ ಎಲ್ಲಿ ನಿಂತರೂ ಅಲ್ಲಿಯವರೆಗಿನ ಪ್ರಮಾಣ ಪತ್ರ ಕೈಯಲ್ಲಿರುತ್ತದೆ, ದುಡಿದು ಉಣ್ಣಬಹುದು. ದುಡಿದು ಹಣ ಕೂಡಿಸಿ ಮತ್ತೆ ಓದಿಗೆ ಮರಳಲೂಬಹುದು.

ಗಣಿತದಲ್ಲಿ ಚುರುಕಾಗಿದ್ದು, ಪುಸ್ತಕದ ಓದನ್ನು ಪ್ರೀತಿಸುವ ಮಕ್ಕಳಿಗೆ ಪಿಯುಸಿಯ ದಾರಿಯೇ ಸರಿ. ಅವರನ್ನು ಅಲ್ಲಿಂದ ತಪ್ಪಿಸಿ ಇತ್ತ ತರಬೇಡಿ. ಸೈಕಲ್ಲನ್ನು ಬಿಚ್ಚಿ ಜೋಡಿಸುವ, ಮೋಟಾರು ಕೆಟ್ಟರೆ ಎಲ್ಲರಿಗಿಂತ ಮೊದಲು ಬಾವಿಯ ಬಳಿ ಓಡುವ ಮಕ್ಕಳಿಗಾಗಿ ಈ ದಾರಿ. ಹೆಣ್ಣುಮಕ್ಕಳೂ ಇದರಲ್ಲಿ ಸೇರಿದರು. ಐ.ಟಿ.ಐ. ತರಬೇತಿ ಅವರಿಗೂ ತೆರೆದಿದೆ, ಸೂಕ್ಷ್ಮ ಅಳತೆಯ ಕೆಲಸದಲ್ಲಿ ಅವರ ಕೈ ಯಾರಿಗೂ ಕಡಿಮೆಯಿಲ್ಲ.

ರೈತನ ಮಗನೊಬ್ಬನ ಉದಾಹರಣೆ

ಅಮೆರಿಕದ ಮಿಷಿಗನ್ ಪ್ರಾಂತದ ರೈತನ ಮಗನಾಗಿ 1863ರಲ್ಲಿ ಹುಟ್ಟಿದ ಹೆನ್ರಿ ಫೋರ್ಡ್ 1879ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಹೊಲ ಬಿಟ್ಟು ಡೆಟ್ರಾಯಿಟ್ ನಗರದ ಯಂತ್ರಾಗಾರದಲ್ಲಿ ಶಿಶಿಕ್ಷುವಾಗಿ ಸೇರಿದ. ಎಂಜಿನಿಯರಿಂಗ್ ಕಾಲೇಜು ಕಂಡವನಲ್ಲ. 1893ರ ಹೊತ್ತಿಗೆ ಅಲ್ಲಿನ ಎಡಿಸನ್ ವಿದ್ಯುತ್ ಕಂಪನಿಯ ಮುಖ್ಯ ಎಂಜಿನಿಯರ್ ಆದ. ಮೋಟಾರು ಕಾರಿನಿಂದ ಹೆಸರಾದ ಮೇಲೂ ಹೊಲವನ್ನು ಮರೆಯದೆ 1917ರಲ್ಲಿ ಫೋರ್ಡ್‌ಸನ್ ಟ್ರ್ಯಾಕ್ಟರನ್ನು ಭಾರಿ ಸಂಖ್ಯೆಯಲ್ಲಿ ತಯಾರಿಸಲು ತೊಡಗಿದ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಮುಂದೆ ಕಬ್ಬಿಣದ ನೇಗಿಲನ್ನು ರೈತರ ಕೈಗೆ ತಂದುಕೊಟ್ಟವರು. ಎಲ್ಲರೂ ಇವರಂತೆ ಆಗಲಾರರು, ನಿಜ. ಆದರೆ ಕೈಯಿಂದ ಕಲಿತ ವಿದ್ಯೆ ಕೀಳಲ್ಲವೆಂಬುದಕ್ಕೆ ಇಷ್ಟು ಸಾಕು.

ಅರ್ಜಿ ಹಾಕುವ ಮುನ್ನ ತಿಳಿದಿರಬೇಕಾದ ಅಂಶಗಳು

1. ಕಸುಬಿನ ಶಿಶಿಕ್ಷುಗಳು ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಜಾಲತಾಣದಲ್ಲೂ, ಡಿಪ್ಲೊಮಾ ಮತ್ತು ಪದವಿಯವರು ನ್ಯಾಟ್ಸ್ ಜಾಲತಾಣದಲ್ಲೂ ಹೆಸರು ನೋಂದಾಯಿಸಬೇಕು. ನೋಂದಣಿ ಉಚಿತ. ದಕ್ಷಿಣ ರಾಜ್ಯಗಳಲ್ಲಿ ನ್ಯಾಟ್ಸ್ ಯೋಜನೆಯನ್ನು ನೋಡಿಕೊಳ್ಳುವ ಶಿಶಿಕ್ಷು ತರಬೇತಿ ಮಂಡಳಿ ಚೆನ್ನೈನಲ್ಲಿದೆ.

2. ಸ್ಥಾನ ಕೊಡಿಸುತ್ತೇನೆಂದು ಹಣ ಕೇಳುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಶಿಷ್ಯವೇತನ ನಿಮಗೆ ಬರಬೇಕಾದ ಹಣ, ನೀವು ಕೊಡಬೇಕಾದದ್ದಲ್ಲ.

3. ಕನಿಷ್ಠ ವಯಸ್ಸು 14. ಅಪಾಯಕಾರಿ ಉದ್ಯಮಗಳಲ್ಲಿ 18. ಹುಡುಗ ಅಪ್ರಾಪ್ತನಾಗಿದ್ದರೆ ಒಪ್ಪಂದಕ್ಕೆ ಪೋಷಕರು ಸಹಿ ಹಾಕಬೇಕು. ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ತಮ್ಮ ತಪ್ಪಿನಿಂದ ಒಪ್ಪಂದ ಮುರಿದವರಿಂದ ತರಬೇತಿಯ ವೆಚ್ಚವನ್ನು ವಸೂಲು ಮಾಡಲು ಅವಕಾಶವಿದೆ; ಸಂಸ್ಥೆಯ ಲೋಪದಿಂದ ಮುರಿದುಬಿದ್ದರೆ ಸಂಸ್ಥೆಯೇ ಪರಿಹಾರ ಕೊಡಬೇಕು.

4. ಶಿಶಿಕ್ಷು ತರಬೇತಿ ಪಡೆಯುವವನೇ ಹೊರತು ನೌಕರನಲ್ಲ. ಆದರೂ ತರಬೇತಿಯ ಕೆಲಸದಿಂದ ಗಾಯವಾದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಯದು.

5. ತರಬೇತಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ನಿರ್ಬಂಧ ಸಂಸ್ಥೆಗೆ ಇಲ್ಲ. ಇದನ್ನು ತಿಳಿಯದೆ ಹೋಗಿ ಆಮೇಲೆ ಕಣ್ಣೀರು ಹಾಕುವವರು ಬಹಳ.

6. ನೈಋತ್ಯ ರೈಲ್ವೆಯ ಹುಬ್ಬಳ್ಳಿ, ಮೈಸೂರು ಕಾರ್ಯಾಗಾರಗಳಲ್ಲೂ, ಎಚ್.ಎ.ಎಲ್., ಬಿ.ಇ.ಎಲ್.ನಂಥ ಸಾರ್ವಜನಿಕ ಉದ್ಯಮಗಳಲ್ಲೂ ಶಿಶಿಕ್ಷುಗಳನ್ನು ತೆಗೆದುಕೊಳ್ಳುತ್ತಾರೆ. ರೈಲ್ವೆಯಲ್ಲಿ ಆಯ್ಕೆ ಎಸ್ಸೆಸ್ಸೆಲ್ಸಿ ಮತ್ತು ಐ.ಟಿ.ಐ. ಅಂಕಗಳ ಮೇಲೆ. ಆದುದರಿಂದ ಎಸ್ಸೆಸ್ಸೆಲ್ಸಿಯ ಒಂದೊಂದು ಅಂಕಕ್ಕೂ ಬೆಲೆಯಿದೆ. ಪ್ರಕಟಣೆಗಳ ಮೇಲೆ ಕಣ್ಣಿಟ್ಟಿರಿ.

ಇನ್ನೊಬ್ಬ ಹುಡುಗನ ಕಥೆ

ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ರೈತರು ಬಂದರು. ಮೂರು ಎಕರೆ ಖುಷ್ಕಿ, ಬತ್ತಿದ ಕೊಳವೆ ಬಾವಿ. ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇ. 52. "ಒಂದೆಕರೆ ಕೊಟ್ಟು ಪಟ್ಟಣದಲ್ಲಿ ಓದಿಸೋಣ ಅಂತ ಸಾರ್" ಎಂದರು. ಈ ಸಲ ನಾನು ಉತ್ತರ ಹೇಳಲಿಲ್ಲ. "ಯಜಮಾನರೇ, ಹುಡುಗನನ್ನು ಕರೆದುಕೊಂಡು ಬನ್ನಿ" ಎಂದೆ.

ಹುಡುಗ ಬಂದ. ಮಾತು ಕಡಿಮೆ. ಊರಿನ ಅರ್ಧದಷ್ಟು ಪಂಪ್‌ಸೆಟ್ಟುಗಳನ್ನು ಅವನೇ ಬಿಚ್ಚಿ ಕಟ್ಟುತ್ತಾನೆಂದು ತಿಳಿಯಿತು. ಫಿಟ್ಟರ್ ಕೋರ್ಸು, ನಂತರ ಶಿಶಿಕ್ಷು ತರಬೇತಿ ಎಂದು ವಿವರಿಸಿದೆ. ತಂದೆಯ ಮುಖ ಸಣ್ಣದಾಯಿತು. "ಓದಿಸಿಯೂ ಕೈ ಮಸಿ ಮಾಡ್ಕೊಳೋ ಕೆಲಸಾನೇ ಸಾರ್?" ಎಂದರು. ಜೊತೆಗೆ ಬಂದಿದ್ದ ತಾಯಿ ಅಲ್ಲಿಯವರೆಗೆ ಸುಮ್ಮನಿದ್ದವರು, "ನಿಮ್ಮ ಕೈಗೆ ಮಣ್ಣು ಆಗಿಲ್ವಾ? ಆ ಕೈಯಲ್ಲೇ ಅಲ್ವಾ ನಾವು ಉಂಡಿದ್ದು" ಎಂದರು. ಮುಂದೆ ಯಾರೂ ಮಾತನಾಡಲಿಲ್ಲ.

ಎರಡು ವರ್ಷ ಐ.ಟಿ.ಐ. ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಶಿಶಿಕ್ಷುವಾಗಿದ್ದ. ಮೂರನೇ ತಿಂಗಳಲ್ಲಿ ಒಮ್ಮೆ ಓಡಿ ಬಂದಿದ್ದ; ತಾಯಿ ಎರಡು ದಿನ ಉಣ್ಣಿಸಿ ಬಸ್ಸು ಹತ್ತಿಸಿದರು. ತರಬೇತಿ ಮುಗಿದ ಮೇಲೆ ಆ ಕಾರ್ಖಾನೆ ಅವನನ್ನು ಉಳಿಸಿಕೊಳ್ಳಲಿಲ್ಲ. ತಂದೆ ನನ್ನ ಬಳಿ ಬಂದು "ಇದೇನು ಸಾರ್ ಹೀಗಾಯ್ತು" ಎಂದಾಗ ನನಗೂ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಹುಡುಗ ಪ್ರಮಾಣ ಪತ್ರವನ್ನೂ ದಿನಚರಿ ಪುಸ್ತಕವನ್ನೂ ಹಿಡಿದು ಪೀಣ್ಯದ ಸಣ್ಣ ಕಾರ್ಯಾಗಾರಗಳ ಬಾಗಿಲು ತಟ್ಟಿದ. ಹತ್ತನೆಯದೋ ಹನ್ನೊಂದನೆಯದೋ ಬಾಗಿಲು ತೆರೆಯಿತು. ಅಲ್ಲಿ ಎರಡು ವರ್ಷ ಸಿ.ಎನ್.ಸಿ. ಯಂತ್ರದ ಮುಂದೆ ನಿಂತು ದುಡಿದು, ಕೂಡಿಸಿದ ಹಣದಿಂದ ಕಳೆದ ವರ್ಷ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿದ್ದಾನೆ. ಮುಂದೆ ಬಿ.ಇ. ಓದುವ ಆಸೆಯಿದೆ. ಆಗುತ್ತದೋ ಇಲ್ಲವೋ ಕಾಲವೇ ಹೇಳಬೇಕು. ಮೂರು ಎಕರೆ ಮಾತ್ರ ಹಾಗೆಯೇ ಇದೆ. ಈ ಮುಂಗಾರಿಗೂ ಅದರಲ್ಲಿ ರಾಗಿ ಬಿತ್ತಿದ್ದಾರೆ.

ಮೊದಲು ಹೇಳಿದ ಯಜಮಾನರೂ ನಮ್ಮ ಕೇಂದ್ರಕ್ಕೆ ಬರುತ್ತಲೇ ಇರುತ್ತಾರೆ. ಮಾರಿದ ಎಕರೆಯಲ್ಲಿ ಕೊಂಡವರು ಅಡಿಕೆ ಇಟ್ಟಿದ್ದಾರೆ. ಮಿಕ್ಕ ಹೊಲಕ್ಕೆ ಹೋಗಲು ಅವರು ದಿನವೂ ಆ ತೋಟದ ಬದುವಿನ ಮೇಲೆಯೇ ನಡೆಯಬೇಕು. ಅವರು ನನ್ನನ್ನು ಎಂದೂ ದೂರಲಿಲ್ಲ. ಮಗ ಈಗ ಸರಕು ಸಾಗಿಸುವ ಆಟೋ ಓಡಿಸುತ್ತಾನೆ, ಮನೆ ನಡೆಯುತ್ತಿದೆ. ಹೋದ ವರ್ಷ ತಮ್ಮ ತಂಗಿಯ ಮಗನನ್ನು ಕರೆತಂದು, "ಇವನನ್ನ ಒಂದು ಮಾತು ಕೇಳಿ ನೋಡಿ ಸಾರ್" ಎಂದರು.

ಆದುದರಿಂದ ರೈತ ಬಾಂಧವರೇ, ಫಲಿತಾಂಶದ ಹಾಳೆ ಕೈಗೆ ಬಂದ ಕೂಡಲೇ ಜಮೀನಿನ ಪಹಣಿ ಹುಡುಕಬೇಡಿ. ಮಗನನ್ನೋ ಮಗಳನ್ನೋ ಕೂರಿಸಿಕೊಂಡು, ಅವರ ಕೈ ಯಾವುದರ ಕಡೆಗೆ ಹೋಗುತ್ತದೆ ಎಂದು ಕೇಳಿ. ನಿಮ್ಮ ತಾಲೂಕಿನ ಸರ್ಕಾರಿ ಐ.ಟಿ.ಐ.ಗೆ ಒಂದು ದಿನ ಜೊತೆಯಲ್ಲಿ ಹೋಗಿ, ಮಕ್ಕಳು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ, ಪ್ರಾಚಾರ್ಯರನ್ನು ಕಂಡು ಹಿಂದಿನ ವರ್ಷದ ಮಕ್ಕಳು ಎಲ್ಲಿ ತರಬೇತಿಗೆ ಹೋದರೆಂದು ವಿಚಾರಿಸಿ. ಹೊಲ ಮಾರುವ ಮಾತು ಅದಾದ ಮೇಲೆ ಇರಲಿ.